ಭಾನುವಾರದ ಗಂಟಲು

"ಈ ಗೂಬೆಗೆ ನಾಲಿಗೆ ಅಂತ ಒಂದು ಇದೆಯೋ ಇಲ್ವೋ, ಆ ದೇಶದ ಡಾಕ್ಟ್ರಿಗಾದ್ರೂ ತೋರಿಸ್ರೋ!" ಎಂದಳು ಅಜ್ಜಿ, ಬೀದಿಯಲ್ಲಿ ನೆರೆದಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ. "ಮೂರು ವರ್ಷ ಆಯ್ತು, ಸ್ವಂತ ಅಜ್ಜಿ ಹತ್ರ ಎರಡು ಮಾತಿಲ್ಲ. ಹಸೂಗೆ ಹುಲ್ಲು ಹಾಕಿದ್ರೆ ಅದು ಅಂಬಾ ಅಂತಾದ್ರೂ ಅನ್ನುತ್ತೆ. ಇದಕ್ಕೆ ಹಾಕಿದ ಅನ್ನ ಗುಂಡಿಗೆ ಹಾಕಿದ ಹಾಗೆ."

ಜನ ನಕ್ಕರು. ಬೀಳ್ಕೊಡಲು ಬಂದವರು ಅಳುವುದೋ ನಗುವುದೋ ತಿಳಿಯದೆ ಕಾಯುತ್ತಿರುತ್ತಾರೆ. ಯಾರಾದರೂ ಒಂದು ದಾರಿ ತೋರಿಸಿದರೆ ಸಾಕು, ಕುರಿಯ ಹಾಗೆ ಅದರೊಳಗೆ ನುಗ್ಗುತ್ತಾರೆ. ಬೈಸಿಕೊಂಡ ಮೊಮ್ಮಗ ವ್ಯಾನಿನ ಮೇಲೆ ನಿಂತು ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದ. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ, ಮಡಿಲಲ್ಲೊಂದು ದಿಂಬು.

"ಏನೋ ಮೂಗ, ಅಜ್ಜಿಗೊಂದು ಉತ್ತರ ಬಿಸಾಕು," ಎಂದ ಎದುರುಮನೆಯ ದರ್ಜಿ.

"ಎಣಿಕೆಯಲ್ಲಿದ್ದಾನೆ ಬಿಡ್ರಿ," ಎಂದ ಹಾಲಿನವನು. ಇನ್ನೊಂದು ಸುತ್ತು ನಗು.

ಅದು ಆ ಬೀದಿಯ ಹಳೆಯ ಮಾತು. ಅವರದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟರು, ಫ್ಯಾನಿನ ಮೋಟರು, ಹಿಟ್ಟಿನ ಗಿರಣಿಯ ಮೋಟರು ಬರುತ್ತಿದ್ದವು. ಕರಕಲಾದ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ ಕೊಡುವುದು ಕೆಲಸ. ಒಂದು ಸುತ್ತು ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು. ಅದಕ್ಕೇ ಸುತ್ತುವವನು ಬಾಯೊಳಗೆ ಎಣಿಸುತ್ತಿರುತ್ತಾನೆ, ಎಣಿಸುವವನನ್ನು ಯಾರೂ ಮಾತಾಡಿಸುವುದಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಅಂದರೂ ಕೈಯಲ್ಲಿರುವ ಕಾಯಿಲ್ ಮುಗಿಸಿಯೇ ಏಳಬೇಕು ಎನ್ನುತ್ತಿದ್ದನಂತೆ ತಾತ. ಕರೆದವರಿಗೆ ಉತ್ತರ ಬರದಿದ್ದರೆ ಮನೆಯ ಹೆಂಗಸರು ತಾವೇ ಹೇಳಿಕೊಳ್ಳುತ್ತಿದ್ದರು, ಎಣಿಕೆಯಲ್ಲಿದ್ದಾನೆ ಬಿಡು.

ಆ ಒಂದು ಮಾತಿನ ಹಿಂದೆ ಅವನು ಮೂರು ವರ್ಷ ಅಡಗಿ ಕೂತಿದ್ದ.

"ಹೂವಿನ ಜೊತೆ ನಾರೂ ಸ್ವರ್ಗ ಸೇರ್ತಂತೆ," ಅಜ್ಜಿ ಇನ್ನೂ ಬಿಟ್ಟಿರಲಿಲ್ಲ. "ನನ್ನ ದೊಡ್ಡೋನು ಕರೆಸ್ಕೊತಾ ಇರೋದಕ್ಕೆ ಈ ಮುಖಕ್ಕೂ ವಿಮಾನ! ಸಮುದ್ರದ ಆಚೆ ಇರೋನು ವಾರಾವಾರ ಮಾತಾಡ್ತಾನೆ. ಒಂದೇ ಸೂರಿನ ಕೆಳಗೆ ಇರೋನಿಗೆ ಬಾಯಿಲ್ಲ."

ಅವನು ಹಗ್ಗ ಎಳೆದ ಎಳೆತಕ್ಕೆ ಪೆಟ್ಟಿಗೆಯ ಹಲಗೆ ಕಿರ್ರೆಂದಿತು. ಅಪ್ಪ ಕೆಳಗಿನಿಂದ ಅವನ ಕಡೆ ನೋಡಿದ, ನೋಡಿ ಬೇರೆ ಕಡೆ ತಿರುಗಿದ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆ ಬೀದಿಯಲ್ಲಿ ಆಗ ನಿಜ ಗೊತ್ತಿದ್ದವರು ಈ ಮೂವರೇ. ಸಮುದ್ರದ ಆಚೆಯಿಂದ ವಾರಾವಾರ ಮಾತಾಡುವ ಬಾಯಿ ವ್ಯಾನಿನ ಮೇಲೆ ಹಲ್ಲು ಕಚ್ಚಿಕೊಂಡು ನಿಂತಿತ್ತು.

ದೊಡ್ಡಪ್ಪ ಸತ್ತು ಮೂರು ವರ್ಷವಾಗಿತ್ತು. ಚಿಕ್ಕ ವಯಸ್ಸಿನಲ್ಲೇ ಆಫ್ರಿಕಾಕ್ಕೆ ಹೋಗಿ, ಅಲ್ಲೊಂದು ವೈಂಡಿಂಗ್ ಅಂಗಡಿ ಹಾಕಿ, ಮದುವೆಯಿಲ್ಲ ಮಕ್ಕಳಿಲ್ಲ ಎಂದು ಅಜ್ಜಿಯ ಬಾಯಲ್ಲಿ ಬೈಸಿಕೊಳ್ಳುತ್ತ, ಪ್ರತಿ ಭಾನುವಾರ ತಪ್ಪದೆ ಫೋನ್ ಮಾಡುತ್ತಿದ್ದವನು. ಒಂದು ದಿನ ರಿಪೇರಿಯಾದ ಮೋಟರ್ ತಲುಪಿಸಲು ಹೊರಟಿದ್ದ ಲಾರಿ ಮಗುಚಿತು. ಅಲ್ಲೇ ಮಣ್ಣಾದ. ಸುದ್ದಿ ಬಂದ ವಾರ ಅಜ್ಜಿ ಆಸ್ಪತ್ರೆಯಲ್ಲಿದ್ದಳು, ಎದೆಯ ಆಪರೇಷನ್ ಆಗಿ ಹೊಲಿಗೆ ಇನ್ನೂ ಹಸಿ. ಗಾಬರಿಯಾಗುವಂಥದ್ದೇನೂ ಹೇಳಬೇಡಿ ಎಂದಿದ್ದರು ಡಾಕ್ಟರು. ಭಾನುವಾರ ಬಂತು. ದೊಡ್ಡೋನ ಫೋನ್ ಬರಲಿಲ್ಲವಲ್ಲ ಎಂದು ಅವಳು ಹಾಸಿಗೆಯಲ್ಲಿ ಏಳಲು ಹೋದಳು.

ಆಗ ಅಪ್ಪನಿಗೆ ಈ ಹಾಳು ಬುದ್ಧಿ ಹೊಳೆದದ್ದು.

ಮೊಮ್ಮಗನಿಗೆ ಆಗಷ್ಟೇ ಗಂಟಲು ಒಡೆದು ಹೊಸ ದನಿ ಬಂದಿತ್ತು. ಬಂದ ದನಿ ದೊಡ್ಡಪ್ಪನದೇ, ಅಚ್ಚಿನಲ್ಲಿ ಹಾಕಿ ತೆಗೆದ ಹಾಗೆ. ಓದು ತಲೆಗೆ ಹತ್ತದೆ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತ ಹೊಸತು, ಫೋನ್ ಎತ್ತಿ ಹಲೋ ಅಂದರೆ ಹಳೆಯ ಗಿರಾಕಿಗಳು, "ಅಣ್ಣಾ, ಯಾವಾಗ ಬಂದ್ರಿ?" ಎನ್ನುತ್ತಿದ್ದರು. ಅಪ್ಪ ಅವನನ್ನು ಆಸ್ಪತ್ರೆಯ ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ ಹೆಗಲ ಮೇಲೆ ಕೈಯಿಟ್ಟ. "ಒಂದೇ ಸಲ ಕಣೋ. ಹೊಲಿಗೆ ಒಣಗೋವರೆಗೆ. ಸಣ್ಣಗೆ ಕೆಮ್ಮಿ ಹ್ಞೂಂ ಅಮ್ಮಾ ಅನ್ನು, ಅವನು ಹಾಗೇ ಶುರು ಮಾಡ್ತಿದ್ದದ್ದು. ಉಳಿದದ್ದೆಲ್ಲ ಅವಳೇ ಮಾತಾಡ್ತಾಳೆ."

ಹೊಲಿಗೆ ಒಣಗಿತು. ಆಮೇಲೆ ಬಿಪಿ ಏರಿತು. ಆಮೇಲೆ ಕಣ್ಣಿನ ಪೊರೆಯ ಆಪರೇಷನ್ ಕೈಕೊಟ್ಟು ಬೆಳಕು ನೆರಳಷ್ಟೇ ಉಳಿಯಿತು. ಆಮೇಲೆ ಇನ್ನೇನೋ. ಹೇಳದಿರಲು ಕಾರಣ ಹುಡುಕುವವನಿಗೆ ಕಾರಣಗಳಿಗೇನು ಬರವೇ?

ಪ್ರತಿ ಭಾನುವಾರ ಅವನು ಅಂಗಡಿಯ ಹಿಂದಿನ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ. ವಾರ್ನಿಷ್ ಒಣಗಿಸುವ ಕೋಣೆ ಅದು, ಕಿಟಕಿಯಿಲ್ಲ. ಆಚೆ ದೇಶದ ಅಂಗಡಿಯ ಸದ್ದು ಇರಲೆಂದು ಬೆಂಚಿನ ಮೇಲಿದ್ದ ಹಳೆಯ ಮೋಟರೊಂದನ್ನು ಓಡಿಸಿ, ಬಾಯಿಗೆ ಕರ್ಚೀಫು ಹಿಡಿದು, ಅಂಗಡಿಯ ಮುಂದಿದ್ದ ತಮ್ಮ ಮನೆಯ ನಡುಕೋಣೆಯಲ್ಲಿ ಮಂಚದ ಮೇಲೆ ಕೂತ ಅಜ್ಜಿಗೆ ಫೋನ್ ಮಾಡುತ್ತಿದ್ದ.

"ಹ್ಞೂಂ, ಅಮ್ಮಾ."

"ಊಟ ಆಯ್ತೇನೋ, ಮಗಾ?"

"ಆಯ್ತಮ್ಮ. ನಿಂದು?"

"ನಂದೇನು ಬಿಡು, ತಿನ್ನೋದು ಮಲಗೋದು. ಸೊಸೆ ಪಾಪ ನೋಡ್ಕೊತಾಳೆ. ನಿನ್ನ ತಮ್ಮನ ಮಗ ಇದಾನಲ್ಲ, ಮೂಗ, ಅವನೊಬ್ಬ ಅಲ್ಲೇ ಓಡಾಡ್ತಿರ್ತಾನೆ ದೆವ್ವದ ಹಾಗೆ. ಹತ್ರ ಬರಲ್ಲ, ಹೋಗಲ್ಲ."

"ಒಳ್ಳೆ ಹುಡುಗ ಕಣಮ್ಮಾ ಅವನು."

"ನೀನು ಕಂಡಿದೀಯಾ! ಅಷ್ಟು ದೂರ ಕೂತ್ಕೊಂಡು ಸರ್ಟಿಫಿಕೇಟ್ ಕೊಡ್ಬೇಡ."

ಕರೆ ಮುಗಿದ ಮೇಲೆ ಬೆವರು ಆರುವವರೆಗೆ ಅಲ್ಲೇ ಕೂತಿದ್ದು ಮನೆಗೆ ಬರುತ್ತಿದ್ದ. ಅಜ್ಜಿಯ ಮುಖದಲ್ಲಿ ಇನ್ನೂ ಬೆಳಕು ಇರುತ್ತಿತ್ತು. ಹೆಜ್ಜೆ ಸದ್ದು ಕೇಳಿ, "ಯಾರು, ಮೂಗನಾ?" ಎನ್ನುವಳು. ಬೆಳಕು ಆರುತ್ತಿತ್ತು. ಮಾತಾಡಿದರೆ ದನಿ ಗುರುತು ಸಿಕ್ಕಿಬಿಡುತ್ತದೆ. ಗಂಟಲು ಹಿಸುಕಿ "ಹ್ಞಾ" ಎಂದು ಒಳಗೆ ಹೋಗಿಬಿಡುವನು. ಅವನ ಗಂಡುದನಿಯನ್ನು ಅವನದು ಎಂದು ಅಜ್ಜಿ ಒಂದು ದಿನವೂ ಕೇಳಿರಲಿಲ್ಲ. ಅವಳಿಗೆ ನೆನಪಿದ್ದದ್ದು ಗಂಟಲೊಡೆಯುವ ಮುಂಚಿನ ಕೀಚಲು ಹುಡುಗ. ಆ ಹುಡುಗನನ್ನು ಅವಳು ತೊಡೆಯ ಮೇಲೆ ಹಾಕಿಕೊಂಡು ಕಾಲು ಒತ್ತಿದ್ದಳು, ಒದೆಯಿಂದ ತಪ್ಪಿಸಿದ್ದಳು. ಅವನೆಲ್ಲಿ ಹೋದ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಒಂದೇ ಗಂಟಲು: ಭಾನುವಾರ ಮುದ್ದು, ಉಳಿದ ದಿನವೆಲ್ಲ ಶಾಪ.

ಈ ಕಡೆ ಅಂಗಡಿ ಬಿದ್ದುಹೋಗುತ್ತಿತ್ತು. ಹೊಸ ಮೋಟರೇ ಅಗ್ಗವಾಗಿ ಸಿಗುವಾಗ ಸುಟ್ಟದ್ದನ್ನು ಯಾರು ತರುತ್ತಾರೆ? ಆಫ್ರಿಕಾದಲ್ಲಿ ದೊಡ್ಡಪ್ಪನ ಅಂಗಡಿಯನ್ನು ಅವನ ಹೆಡ್‌ಮೇಸ್ತ್ರಿ ಹೇಗೋ ನಡೆಸಿಕೊಂಡು ಬಂದಿದ್ದ. ಕೆಲಸ ಬೇಕಾದಷ್ಟಿದೆ, ಮನೆಯವರು ಬಂದು ಹಿಡಿದುಕೊಳ್ಳಿ ಎಂದು ಮುರುಕು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕರೆಯುತ್ತಿದ್ದ. ಅಪ್ಪ ಒಪ್ಪಿದ. ಒಪ್ಪದವಳು ಅಜ್ಜಿ. "ಈ ವಯಸ್ಸಲ್ಲಿ ನನ್ನ ಯಾವ ಗಾಳಿಗೆ ತೂರ್ತೀರೋ? ದೊಡ್ಡೋನು ಬಾ ಅನ್ಲಿ, ಬರ್ತೀನಿ."

ಆ ಭಾನುವಾರ ಅಪ್ಪನೂ ಹಿಂದಿನ ಕೋಣೆಗೆ ಬಂದು ಕೂತ.

"ಬಾ ಅಂತ ನಾನು ಹೇಳಲ್ಲ," ಎಂದ ಹುಡುಗ. "ಅವಳು ಬಂದು ಎಲ್ಲಿ ನನ್ನ ಮಗ ಅಂದ್ರೆ ಏನಂತೀಯ? ಯಾರನ್ನ ತೋರಿಸ್ತೀಯ?"

"ವಿಮಾನ ಹತ್ತೋ ಮುಂಚೆ ನಾನೇ ಹೇಳ್ತೀನಿ. ಆಣೆ. ನಿಜ ಗೊತ್ತಾದ್ರೆ ಇಲ್ಲಿಂದ ಕದಲಲ್ಲ ಕಣೋ ಅವಳು. ಒಂದು ಸಲ ಹೊರಟುನಿಂತ್ಲು ಅಂದ್ರೆ ಹೇಳಿಬಿಡ್ತೀನಿ. ಆಮೇಲೆ ನಿನ್ನ ಗಂಟಲು ನಿಂದು. ಹೊಟ್ಟೆ ತುಂಬ ಮಾತಾಡು ಅವಳ ಹತ್ರ."

ನಿನ್ನ ಗಂಟಲು ನಿಂದು. ಆ ಮಾತಿಗೆ ಅವನು ಬಿದ್ದ. ಮೋಟರ್ ಓಡಿಸಿದ, ಕರ್ಚೀಫು ಹಿಡಿದ, "ಬಾಮ್ಮಾ," ಎಂದ. "ನೀನು ಬಂದ್ರೆ ಮನೆ ಮನೆ ಹಾಗೆ ಇರುತ್ತೆ. ಬಾ." ಅತ್ತ ಕಡೆ ಅಜ್ಜಿ, "ಆ ನಿನ್ನ ಹಳೇ ದಿಂಬು ತರ್ತೀನಿ ಕಣೋ," ಎಂದಳು. "ಅದಿಲ್ದೆ ನಿನಗೆ ನಿದ್ದೆ ಬರ್ತಿರ್ಲಿಲ್ಲ."

ಅದೇ ದಿಂಬು ಈಗ ಅವಳ ಮಡಿಲಲ್ಲಿತ್ತು. ಹಳೆಯ ಹತ್ತಿ ಬಿಸಿಲಿಗೆ ಹಾಕಿ, ಹಿಂಜಿಸಿ, ಹೊಸ ಗೌಸು ಹೊಲಿಸಿದ್ದಳು. ಪೆಟ್ಟಿಗೆಯಲ್ಲಿ ಹಾಕೋಣ ಎಂದರೆ ಕೊಡಲಿಲ್ಲ. ವ್ಯಾನಿನಲ್ಲಿ ಮಡಿಲಲ್ಲೇ ಇಟ್ಟುಕೊಂಡಳು, ವಿಮಾನ ನಿಲ್ದಾಣದಲ್ಲಿ ತಳ್ಳುಕುರ್ಚಿಗೆ ಹತ್ತಿಸಿದಾಗಲೂ ಬಿಡಲಿಲ್ಲ. ತಪಾಸಣೆಯವರು ಯಂತ್ರದೊಳಗೆ ಹಾಕಬೇಕೆಂದು ಕಿತ್ತುಕೊಂಡಾಗ, "ಹುಷಾರು ಕಣಪ್ಪಾ, ನನ್ನ ಮಗಂದು," ಎಂದಳು, ಅವರಿಗೇನು ಅರ್ಥವಾಯಿತೋ, ಎರಡು ಕೈಯಲ್ಲಿ ಹಿಡಿದು ವಾಪಸು ಕೊಟ್ಟರು.

ಅಪ್ಪ ವಿಮಾನ ಹತ್ತುವ ಮುಂಚೆ ಹೇಳಲಿಲ್ಲ.

ವಿಮಾನದಲ್ಲೂ ಹೇಳಲಿಲ್ಲ. ಅಜ್ಜಿಯ ಪಕ್ಕದ ಸೀಟು ಮೊಮ್ಮಗನಿಗೇ ಬಂತು. ಅವಳು ಬೆಲ್ಟಿನ ಮೇಲೆ ದಿಂಬು ಇಟ್ಟುಕೊಂಡು, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ವಿಮಾನ ನೆಲ ಬಿಟ್ಟಾಗ ಹೆದರಿ ಪಕ್ಕದ ತೋಳು ಹಿಡಿದಳು. ಹಿಡಿದದ್ದು ಯಾರ ತೋಳು ಎಂದು ಗೊತ್ತಾಗಿ ಬಿಟ್ಟಳು. ಇನ್ನೊಂದು ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿಗೆ, ಆಕೆಗೆ ಒಂದು ಅಕ್ಷರ ತಿಳಿಯದಿದ್ದರೂ, ತನ್ನ ಮಗನ ಕಥೆಯೆಲ್ಲ ಹೇಳಿದಳು. ಆಫ್ರಿಕಾ ಎಂದರೆ ಅಜ್ಜಿಗೆ ಒಂದು ಖಂಡವಲ್ಲ, ಒಂದು ಕೋಣೆ. ಅದರೊಳಗೆ ಮೋಟರ್ ಓಡುತ್ತಿರುತ್ತದೆ, ಮಗ ಕೂತು ಫೋನ್ ಮಾಡುತ್ತಿರುತ್ತಾನೆ. "ನನ್ನ ದೊಡ್ಡೋನಿಗೆ ಒಂಬತ್ತೂವರೆ ಬೆರಳು ಕಣಮ್ಮಾ," ಎಂದು ತನ್ನ ಎಡಗೈಯ ತೋರುಬೆರಳು ಮಡಚಿ ತೋರಿಸಿದಳು. "ಚಿಕ್ಕೋನಿದ್ದಾಗ ಓಡ್ತಿರೋ ಬೆಲ್ಟಿಗೆ ಕೈ ಕೊಟ್ಟ. ನನ್ನ ಸೆರಗು ಹರಿದು ಕಟ್ಟಿದ್ದೆ." ಹೆಂಗಸು ತಲೆದೂಗಿ ನಕ್ಕಳು. ಅವನು ಕಿಟಕಿಗೆ ಹಣೆ ಒತ್ತಿಕೊಂಡ. ಹೊರಗೆ ಏನೂ ಇರಲಿಲ್ಲ.

ನಡುವೆ ಇನ್ನೊಂದು ನಿಲ್ದಾಣದಲ್ಲಿ ಇಳಿದು ಬೇರೆ ವಿಮಾನಕ್ಕೆ ಕಾಯಬೇಕಿತ್ತು. ಗಾಜು, ಉಜ್ಜಿದ ನೆಲ, ತಣ್ಣನೆಯ ಗಾಳಿ, ಚೀಲಗಳನ್ನು ತಬ್ಬಿಕೊಂಡು ನಿದ್ದೆ ಮಾಡುವ ಸಂಸಾರಗಳು. ಅಮ್ಮ ಅಜ್ಜಿಯ ಕಾಲು ಒತ್ತುತ್ತಿದ್ದಳು. ಅವನು ಅಪ್ಪನನ್ನು ಕೈತೊಳೆಯುವ ಜಾಗಕ್ಕೆ ಎಳೆದುಕೊಂಡು ಹೋದ.

"ಹೇಳ್ತೀನಿ ಅಂದ್ಯಲ್ಲ."

"ಇಲ್ಲೇನೋ? ಈ ಪರದೇಶಿ ಜಾಗದಲ್ಲಿ ಎದೆ ಹಿಡ್ಕೊಂಡ್ರೆ ಯಾರನ್ನ ಕರೀಲಿ?"

"ಅಲ್ಲಿದ್ದಾಗ ಬೀದಿ ಜನ ಇದ್ರು, ಆಗ ಜನ ಇದಾರೆ ಅಂದೆ. ಇಲ್ಲಿ ಯಾರೂ ಇಲ್ಲ, ಈಗ ಯಾರೂ ಇಲ್ಲ ಅಂತೀಯ. ನಿನಗೆ ಬೇಕಾದ ಜಾಗ ಭೂಮಿ ಮೇಲೆ ಎಲ್ಲಾದ್ರೂ ಇದೆಯಾ ಅಪ್ಪಾ?"

"ಮೆಲ್ಲಗೆ ಮಾತಾಡೋ."

"ಮೂರು ವರ್ಷದಿಂದ ಮೆಲ್ಲಗೇ ಮಾತಾಡ್ತಾ ಇದೀನಿ!"

ಕೈ ತೊಳೆಯುತ್ತಿದ್ದ ಇಬ್ಬರು ತಿರುಗಿ ನೋಡಿದರು. ಅಪ್ಪ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡ, ಹಾಕಿಕೊಳ್ಳುತ್ತಲೇ ಇದ್ದ. "ಬಿಸಿ ತುಪ್ಪ ಕಣೋ," ಎಂದ ನೀರಿನೊಳಗಿಂದ. "ನುಂಗಕ್ಕೂ ಆಗಲ್ಲ, ಉಗುಳಕ್ಕೂ ಆಗಲ್ಲ. ಅವನು ನನಗೂ ಅಣ್ಣ. ಹೇಳೋಕೆ ಬಾಯಿ ತೆಗೆದ್ರೆ ನನಗೇ ಅಳು ಬರುತ್ತೆ. ನಾನು ಇನ್ನೂ ಅತ್ತೇ ಇಲ್ಲ, ಗೊತ್ತಾ ನಿನಗೆ? ಮನೇಲಿ ಅವಳಿದ್ಲಲ್ಲ."

ಅವನಿಗೆ ಅಪ್ಪನ ಮೇಲೆ ಕರುಣೆ ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ತುಪ್ಪ ಅಪ್ಪನದು, ಬಾಯಲ್ಲಿ ಇಟ್ಟುಕೊಂಡು ಸುಟ್ಟುಕೊಂಡವನು ತಾನು.

"ಇಳಿದ ತಕ್ಷಣ," ಎಂದ ಅಪ್ಪ, ಮುಖ ಒರೆಸಿಕೊಂಡು. "ಮನೆಗೆ ಹೋಗೋದ್ರೊಳಗೆ."

ಇಳಿದರು. ಬಾಗಿಲು ತೆರೆದೊಡನೆ ಬಿಸಿಯಾದ, ಮಣ್ಣಿನ ವಾಸನೆಯ ಗಾಳಿ ಮುಖಕ್ಕೆ ಬಂತು. ಅಜ್ಜಿ ಮೂಗರಳಿಸಿ, "ಇದೇನಾ ಆಫ್ರಿಕಾ? ನಮ್ಮ ಮಣ್ಣೇ ಅಲ್ವೇನ್ರೋ ಇದು!" ಎಂದಳು. ಸೀರೆ ಸರಿಮಾಡಿಸಿಕೊಂಡಳು. ಕೂದಲು ಬಾಚಿಸಿಕೊಂಡಳು. ಕಾಗದ ನೋಡಿ ಮುದ್ರೆ ಒತ್ತುವವರ ಸಾಲಿನಲ್ಲಿ ಇಬ್ಬರು ಮೂವರನ್ನು, "ನಮ್ಮ ಹುಡುಗ ಹೊರಗೆ ಬಂದಿರ್ತಾನಾ?" ಎಂದು ಕೇಳಿದಳು.

ಹೊರಗಿನ ಬಾಗಿಲಿಗೆ ಇಳಿಜಾರು ಹಾದಿ. ಅಪ್ಪ ಅಮ್ಮ ಪೆಟ್ಟಿಗೆಗಳ ಗಾಡಿ ತಳ್ಳಿಕೊಂಡು ಮುಂದೆ, ಅಜ್ಜಿಯ ಕುರ್ಚಿ ತಳ್ಳುವ ನಿಲ್ದಾಣದ ಆಳು ಹಿಂದೆ, ಅವನು ಹೆಗಲಿಗೆ ಎರಡು ಚೀಲ ನೇತುಹಾಕಿಕೊಂಡು ಎಲ್ಲರಿಗಿಂತ ಹಿಂದೆ. ಆಳನ್ನು ಯಾರೋ ಏನೋ ಕೇಳಿದರು, ಆಳು ಅತ್ತ ತಿರುಗಿ ಕುರ್ಚಿ ಬಿಟ್ಟ. ಕುರ್ಚಿ ಮೆಲ್ಲಗೆ ಉರುಳಿತು, ಆಮೇಲೆ ಜೋರಾಗಿ. ಅಜ್ಜಿ ದಿಂಬು ಹಿಡಿದುಕೊಂಡೇ ಒಂದು ಕೈ ಚಕ್ರದ ಕಡೆ ಚಾಚಿದಳು. ಮುಂದೆ ಗಾಜಿನ ಗೋಡೆ.

ಅವನು ಚೀಲ ಎಸೆದು ಓಡಿದ.

"ಅಮ್ಮಾ! ಕೈ ಒಳಗಿಟ್ಕೋ ಅಮ್ಮಾ!"

ಪೂರ್ತಿ ಗಂಟಲು ಬಿಟ್ಟು, ಇಡೀ ಹಜಾರಕ್ಕೆ ಕೇಳುವಂತೆ. ಬಾಯಲ್ಲಿ ಬಂದದ್ದು ಅಜ್ಜಿ ಎಂದಲ್ಲ. ಮೂರು ವರ್ಷ ಅವಳೊಡನೆ ಗಂಟಲು ಬಿಟ್ಟು ಮಾತಾಡಿದಾಗೆಲ್ಲ ಅಭ್ಯಾಸವಾಗಿದ್ದದ್ದು ಆ ಒಂದೇ ಮಾತು. ಗಾಜಿಗೆ ಗೇಣು ದೂರವಿರುವಾಗ ಕುರ್ಚಿ ಹಿಡಿದು ನಿಲ್ಲಿಸಿದ.

ಅಜ್ಜಿ ಹೆದರಿರಲಿಲ್ಲ. ಅವಳ ಮುಖದಲ್ಲಿ ಬೆಳಕಿತ್ತು. ಭಾನುವಾರದ ಬೆಳಕು, ಅದರ ಹತ್ತರಷ್ಟು.

"ಬಂದ್ಯೇನೋ!" ಎಂದಳು. "ಬಂದ್ಯೇನೋ ನನ್ನಪ್ಪಾ! ನೀನಿರೋವಾಗ ನನಗೇನಾಗುತ್ತೋ? ತಗೋ, ನಿನ್ನ ದಿಂಬು..." ದಿಂಬನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಅಪ್ಪ ಗಾಡಿಯ ಹಿಡಿಯ ಮೇಲೆ ಬಗ್ಗಿ ನಿಂತುಬಿಟ್ಟಿದ್ದ. ಗಾಜಿನ ಆಚೆ ಹೆಸರಿನ ಹಲಗೆ ಹಿಡಿದು ಕಾಯುತ್ತಿದ್ದ ನರೆಗೂದಲಿನ ಹೆಡ್‌ಮೇಸ್ತ್ರಿ, ತೆರೆದ ಬಾಗಿಲಿನಿಂದ ಆ ಕೂಗು ಕೇಳಿ, ತಲೆಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ. ಅವನಿಗೂ ಆ ಗಂಟಲಿನ ಪರಿಚಯವಿತ್ತು.

ಅಜ್ಜಿಯ ಕೈ ಗಾಳಿಯಲ್ಲಿ ತಡಕಾಡಿ ಅವನ ಕೈ ಹಿಡಿಯಿತು. ಸವರಿತು. ವೈಂಡಿಂಗ್‌ನವರ ಕೈ: ತಂತಿ ಎಳೆದೆಳೆದು ಜಡ್ಡುಗಟ್ಟಿದ ಅಂಗೈ, ವಾರ್ನಿಷ್ ಹೋಗದ ಉಗುರು. ಅವಳು ಇನ್ನೂ ನಗುತ್ತಿದ್ದಳು. ಬೆರಳು ಒಂದೊಂದಾಗಿ ಹಿಡಿಯುತ್ತ ತೋರುಬೆರಳಿಗೆ ಬಂದಳು. ಅದರ ತುದಿಯವರೆಗೆ ಹೋದಳು. ನಿಂತಳು. ತಾನೇ ಎಡಗೈ ಬಲಗೈ ತಪ್ಪಿದೆನೇನೋ ಎಂದು ಇನ್ನೊಂದು ಕೈ ತೆಗೆದುಕೊಂಡು ನೋಡಿದಳು. ಅದರ ಬೆರಳೂ ಪೂರ್ತಿ ಇತ್ತು.

ಕೈ ಬಿಟ್ಟಳು. ದಿಂಬನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಏನೂ ಕೇಳಲಿಲ್ಲ. ದಾರಿಯುದ್ದಕ್ಕೂ ಏನೂ ಕೇಳಲಿಲ್ಲ.

ಹೆಡ್‌ಮೇಸ್ತ್ರಿಯ ವ್ಯಾನು ಒಂದು ಸಂತೆಬೀದಿ ಹಾದು, ಸೈಕಲ್ ಅಂಗಡಿ, ಗ್ಯಾರೇಜು, ಕಬ್ಬಿಣದ ಅಂಗಡಿಗಳ ಸಾಲಿನಲ್ಲಿ ನಿಂತಿತು. ಕೆಳಗೆ ಅಂಗಡಿ, ಹೊರಗಿನ ಮೆಟ್ಟಿಲು ಹತ್ತಿದರೆ ಮನೆ. ಸುಟ್ಟ ವಾರ್ನಿಷಿನ ವಾಸನೆ ಹುಟ್ಟಿದಾಗಿನಿಂದ ಮೂಗಿನಲ್ಲಿದ್ದದ್ದೇ. ಕೆಲಸದವರು ನಾಲ್ಕೈದು ಮಂದಿ ಸ್ನಾನ ಮಾಡಿ ಶರಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಹೆಡ್‌ಮೇಸ್ತ್ರಿ ದೊಡ್ಡಪ್ಪನಿಂದ ಕಲಿತ ಕನ್ನಡವೆಲ್ಲ ಬೈಗುಳವೇ ಇರಬೇಕು. ಒಂದೇ ಒಂದು ಒಳ್ಳೆಯ ಮಾತು ಬರುತ್ತಿತ್ತು. "ಅಮ್ಮ," ಎಂದು ಬಗ್ಗಿ ಅಜ್ಜಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಿದ. ಕೆಲಸದವರೂ ಸಾಮಾನು ಹೊತ್ತು ಹಿಂದೆ ಬಂದು ಬಾಗಿಲಲ್ಲಿ ನಿಂತರು.

"ಅವನ ಮಂಚ ಎಲ್ಲಿ?" ಎಂದಳು ಅಜ್ಜಿ.

ಕೂರಿಸಿದರು. ಹಾಸಿಗೆಯ ಮೇಲೆ ಬಟ್ಟೆಯಿರಲಿಲ್ಲ. ಅವಳು ಅಂಗೈಯಿಂದ ಸವರಿದಳು, ಧೂಳು ಬೆರಳಿಗೆ ಹತ್ತಿತು, ಬೆರಳಿಗೆ ಬೆರಳು ತಿಕ್ಕಿ ನೋಡಿದಳು. ತಲೆಯ ಕಡೆ ಯಾವುದು ಎಂದು ಹುಡುಕಿ ದಿಂಬನ್ನು ಅಲ್ಲಿಟ್ಟು ತಟ್ಟಿ ಸರಿಮಾಡಿದಳು.

"ಅಮ್ಮಾ," ಎಂದ ಅಪ್ಪ. ಈಗ ಹೇಳುತ್ತಾನೆ ಎಂದುಕೊಂಡ ಮೊಮ್ಮಗ. "ಅಮ್ಮಾ, ಅಣ್ಣ... ಕೆಲಸದ ಮೇಲೆ ದೂರ ಹೋಗಿದಾನಂತೆ. ದೊಡ್ಡ ಕಾರ್ಖಾನೆ ಕೆಲಸ. ಭಾನುವಾರ... ಭಾನುವಾರ ಫೋನ್ ಮಾಡ್ತಾನೆ."

ಹೇಳುತ್ತ ಅಪ್ಪ ಅವನ ಕಡೆ ತಿರುಗಿ, ಯಾರಿಗೂ ಕಾಣದಂತೆ, ಎರಡು ಕೈ ಜೋಡಿಸಿದ.

"ಹೌದಾ," ಎಂದಳು ಅಜ್ಜಿ.

ಸಮುದ್ರ ದಾಟಿದರೂ ಮುಗಿಯಲಿಲ್ಲ. ಇಲ್ಲೂ ಕೆಳಗೊಂದು ಕೋಣೆ ಇರುತ್ತದೆ, ಅಲ್ಲೊಂದು ಮೋಟರ್ ಇರುತ್ತದೆ, ಕರ್ಚೀಫು ಇರುತ್ತದೆ. ಅವಳು ಸಾಯುವವರೆಗೆ ಅವಳ ಮೊಮ್ಮಗ ಹುಟ್ಟುವುದಿಲ್ಲ. ಅವನು ಹೋಗಿ ಮಂಚದ ಮುಂದೆ ಮೊಣಕಾಲೂರಿ ಕೂತ.

"ಅಜ್ಜೀ," ಎಂದ. ಹಿಸುಕದ, ಕರ್ಚೀಫಿಲ್ಲದ ದನಿ. ಆ ದನಿಯಲ್ಲಿ ಆ ಪದವನ್ನು ಅವನು ಆಡಿದ್ದು ಅದೇ ಮೊದಲು. "ಅಜ್ಜೀ, ದೊಡ್ಡಪ್ಪ ಇಲ್ಲ. ಹೋಗಿ ಮೂರು ವರ್ಷ ಆಯ್ತು. ಲಾರಿ ಮಗುಚ್ತು. ಫೋನಲ್ಲಿ ಇದ್ದದ್ದು ನಾನು. ಅಷ್ಟೂ ದಿನ ನಾನೇ ಅಜ್ಜೀ. ನಾನು ಮೂಗ ಅಲ್ಲ."

ಅಪ್ಪ ಗೋಡೆಗೆ ಮುಖ ಮಾಡಿದ. ಮೂರು ವರ್ಷದಿಂದ ನಿಂತಿದ್ದ ಅಳು ಅವನ ಬೆನ್ನಿನಲ್ಲಿ ಕಾಣಿಸಿತು, ಸದ್ದಿಲ್ಲದೆ. ಭಾಷೆ ತಿಳಿಯದ ಕೆಲಸದವರಿಗೂ ಏನಾಯಿತೆಂದು ತಿಳಿಯಿತು. ಒಬ್ಬೊಬ್ಬರೇ ತಲೆ ತಗ್ಗಿಸಿದರು.

ಒಂದು ಮಾತು ಅವನು ಯಾರಿಗೂ ಹೇಳಿಕೊಂಡವನಲ್ಲ. ಹಿಂದಿನ ಕೋಣೆಯಲ್ಲಿ ಬೆವರು ಆರಿಸಿಕೊಳ್ಳುತ್ತ ಕೂತಾಗೆಲ್ಲ ಅವನು ಈ ಗಳಿಗೆಯನ್ನು ನೆನೆಯುತ್ತಿದ್ದ. ಅಜ್ಜಿ ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಎಲ್ಲ ಆದಮೇಲೆ ಕೈ ಚಾಚಿ ಅವನ ಮುಖ ಮುಟ್ಟಿ, ನೀನೇನೋ ಅದು, ಇಷ್ಟು ದೊಡ್ಡೋನಾಗಿಬಿಟ್ಯಾ ಎನ್ನುತ್ತಾಳೆ.

ಅಜ್ಜಿ ಅಳಲಿಲ್ಲ.

"ಗೊತ್ತಾಯ್ತು," ಎಂದಳು. "ಅಲ್ಲಿ ಬೆರಳು ಮುಟ್ಟಿದಾಗ್ಲೇ ಗೊತ್ತಾಯ್ತು. ಗೊತ್ತಾಗಿ ಸುಮ್ನಿದ್ದೆ. ಬಾಯಿಬಿಟ್ಟು ಹೇಳು ಅಂತ ನಿನ್ನ ಯಾರು ಕೇಳಿದ್ರು?" ದನಿ ಏರುತ್ತ ಹೋಯಿತು, ಬೀದಿಯ ಜನಕ್ಕೆಲ್ಲ ಕೇಳುವ ಅದೇ ದನಿ. "ನಿನ್ನಪ್ಪ ಅಂದ್ನಲ್ಲ ಭಾನುವಾರ ಅಂತ! ನಾನು ಹೌದಾ ಅಂದ್ನಲ್ಲ! ಇನ್ನೆಷ್ಟು ಭಾನುವಾರ ಉಳಿದಿತ್ತೋ ನನಗೆ? ಬಾಯಿಗೆ ಬೀಗ ಹಾಕ್ಕೊಂಡಿದ್ದೋನು ಇವತ್ತು ಬಾಯಿ ತೆಗೆದು ನನ್ನ ಮಗನ್ನ ತಿಂದುಬಿಟ್ಯಲ್ಲೋ, ದರಿದ್ರದೋನೇ!"

"ಅಜ್ಜೀ..."

"ಆ ದನೀಲಿ ಅಜ್ಜಿ ಅನ್ಬೇಡ!" ಅವಳು ಎರಡೂ ಕಿವಿ ಮುಚ್ಚಿಕೊಂಡಳು. "ಅದು ನಿಂದಲ್ಲ."

ಅವನು ಎದ್ದ. ಮೊಣಕಾಲಿಗೆ ಹತ್ತಿದ್ದ ಧೂಳು ಝಾಡಿಸಿಕೊಳ್ಳಲೂ ಇಲ್ಲ. ಬಾಗಿಲಲ್ಲಿ ನಿಂತವರು ಸರಿದು ದಾರಿ ಬಿಟ್ಟರು. ಹೆಡ್‌ಮೇಸ್ತ್ರಿ ಅವನ ಭುಜ ಮುಟ್ಟಲು ಕೈಯೆತ್ತಿ, ಮುಟ್ಟದೆ ಇಳಿಸಿದ.

ಅವನು ಹೊಸ್ತಿಲಲ್ಲಿದ್ದಾಗ ಹಿಂದಿನಿಂದ ಅಜ್ಜಿ ಕರೆದಳು. ಬೈದ ದನಿಯಲ್ಲ. ಮೆತ್ತಗೆ, ಫೋನು ಕಿವಿಗಿಟ್ಟುಕೊಂಡಾಗಿನ ದನಿಯಲ್ಲಿ.

"ಊಟ ಆಯ್ತೇನೋ, ಮಗಾ?"

ಅಪ್ಪ ಗೋಡೆಯಿಂದ ತಿರುಗಿ ನೋಡಿದ, ಮುಖವೆಲ್ಲ ಒದ್ದೆ. ಒಂದು 'ಹ್ಞೂಂ ಅಮ್ಮಾ' ಸಾಕಿತ್ತು. ಅದು ಗಂಟಲಿನವರೆಗೆ ಬಂದು ಸಿದ್ಧವಾಗಿ ನಿಂತಿತ್ತು, ಕೆಮ್ಮಿನ ಸಮೇತ. ಅವಳು ಕಾಯುತ್ತಿದ್ದಳು, ದಿಂಬಿನ ಮೇಲೆ ಕೈಯಿಟ್ಟುಕೊಂಡು, ತಲೆ ಸ್ವಲ್ಪ ವಾಲಿಸಿ.

"ಮಗಾ? ಕೇಳಿಸ್ತಾ ಇದೆಯೇನೋ?"

"ಎಣಿಕೆಯಲ್ಲಿದ್ದಾನೆ ಬಿಡಿ, ಅತ್ತೆ," ಎಂದಳು ಅಮ್ಮ, ಬಾಯಿಗೆ ಸೆರಗು ಒತ್ತಿಕೊಂಡು.

ಅವನು ಮೆಟ್ಟಿಲು ಇಳಿದ. ಏನನ್ನೂ ಎಣಿಸುತ್ತಿರಲಿಲ್ಲ. ಅಂಗಡಿಯ ಮುಂದೆ ರಿಪೇರಿಗೆ ಬಂದ ಮೋಟರುಗಳು ಹೊಟ್ಟೆ ಬಿಚ್ಚಿಸಿಕೊಂಡು ಬಿದ್ದಿದ್ದವು, ಒಳಗೆಲ್ಲ ಕಪ್ಪು ತಂತಿ. ಅವುಗಳ ನಡುವೆ ದಾಟಿ ಬೀದಿಗೆ ಬಂದ. ಮೇಲಿನ ಕಿಟಕಿಯಿಂದ ಇನ್ನೊಂದು ಸಲ ಆ ಪ್ರಶ್ನೆ ಕೇಳಿಸಿತು. ಅವನು ತುಟಿ ಬಿಗಿದುಕೊಂಡು, ಯಾವ ಕಡೆ ಹೋಗುತ್ತದೆಂದು ಗೊತ್ತಿಲ್ಲದ ಆ ಬೀದಿಯಲ್ಲಿ, ತಿರುಗಿ ನೋಡದೆ ನಡೆದುಹೋದ.